ಯಾವ ದೇಶ ದೊಡ್ಡದು? ಎಣ್ಣೆ ಡಬ್ಬಿ ನೋಡಿ ಹೇಳಿರಿ

ಈಗೀಗ ನಮ್ಮ ಕಡೆ ಚಹಾದಂಗಡಿಯೊಳಗ ಮಳೆ-ಬೆಳೆ ಮಾತಿಗಿಂತ ಅಮೆರಿಕ, ಚೀನಾ, ರಷ್ಯಾದ ಮಾತೇ ಜಾಸ್ತಿ ಆಗೇತಿ. ಜಮಖಂಡಿ ಸಂತೆಗೆ ಹೋಗಿರಿ, ಮುಧೋಳ ಬಸ್ ಸ್ಟ್ಯಾಂಡಿನಲ್ಲಿ ನಿಂತು ಕೇಳಿರಿ, ಬನಹಟ್ಟಿಯೊಳಗ ಮಗ್ಗದ ಸಪ್ಪಳದ ನಡುವೆಯೂ ಅದೇ ಮಾತು. "ಅಮೆರಿಕದ ಆಟ ಮುಗೀತು" ಅಂತ ಒಬ್ಬ, "ಇನ್ನೇನಿದ್ದರೂ ಚೀನಾದ ಕಾಲ" ಅಂತ ಇನ್ನೊಬ್ಬ, "ನಾವೇನು ಕಡಿಮೆ ಇಲ್ಲ ಬಿಡ್ರಿ" ಅಂತ ಮತ್ತೊಬ್ಬ. 2025ರ ಆಗಸ್ಟ್ 27ರಿಂದ ಅಮೆರಿಕ ನಮ್ಮ ದೇಶದ ಮಾಲಿಗೆ 50 ಪರ್ಸೆಂಟ್ ಸುಂಕ ಹೇರಿತು. ಕೆಲವೇ ದಿನಕ್ಕೆ ನಮ್ಮ ಪ್ರಧಾನಿ ಚೀನಾದ ತಿಯಾನ್‌ಜಿನ್ ಊರಿನಲ್ಲಿ ರಷ್ಯಾ, ಚೀನಾ ಅಧ್ಯಕ್ಷರ ಜೊತೆ ನಗುತ್ತ ನಿಂತ ಫೋಟೋ ಪೇಪರಿಗೆ ಬಂತು. ಆವಾಗಂತೂ ಈ ಮಾತಿಗೆ ಊಟ-ನಿದ್ದೆ ಇರಲಿಲ್ಲ.

ನಾನು ಓದಿದ್ದು ಏಳನೇ ಇಯತ್ತೆ. ಬೀಳಗಿ ತಾಲೂಕಿನಲ್ಲಿ ಮುಧೋಳದ ಮಗ್ಗಲಿಗೆ 11 ಎಕರೆ ಎರಿ ಹೊಲ. ಬಾವಿ ಇಲ್ಲ, ಕಾಲುವೆ ದೂರ. ಹಿಂಗಾರಿ ಜೋಳ, ಕಡಲೆ, ಇಷ್ಟು ಕುಸುಬಿ. ಇಂಥವ ದೇಶದೇಶಗಳ ಬಲಾಬಲದ ಬಗ್ಗೆ ಬರೆಯೋದು ಅತಿ ಆಯಿತು ಎಂದು ಕೆಲವರಿಗೆ ಅನಿಸಬಹುದು. ಅನಿಸಲಿ. ಆದರೆ ಬಲ ಅಳೆಯಲಿಕ್ಕೆ ನನಗೊಂದು ಅಳತೆ ಗೊತ್ತೈತಿ. ಒಬ್ಬ ಒಕ್ಕಲಿಗ ಗಟ್ಟಿ ಇದ್ದಾನೋ ಇಲ್ಲೋ ಅಂತ ತಿಳಿಯಲು ಅವನ ಮನೆಯ ಮಾಳಿಗೆ ನೋಡೋದಿಲ್ಲ. ಬಿತ್ತಿಗೆ ಹೊತ್ತಿಗೆ ಬೀಜಕ್ಕ, ಬ್ಯಾಸಿಗಿ ಹೊತ್ತಿಗೆ ಕಾಳಿಗೆ ಯಾರ ಬಾಗಿಲಿಗೆ ಹೋಗ್ತಾನ ಅಂತ ನೋಡ್ತೀವಿ. ದೇಶಕ್ಕೂ ಅದೇ ಅಳತೆ ಹಿಡಿಯಬೇಕು ಅಂತ ನನ್ನ ಅಭಿಪ್ರಾಯ.

ದೂರದ ದೇಶದ ಬಲ ನಮ್ಮ ಹೊಲಕ್ಕೆ ಬರೋದು ಹೊಸದಲ್ಲ. ನಮ್ಮ ಈ ನಾಲ್ಕು ಊರುಗಳನ್ನೇ ನೋಡಿರಿ. ಸ್ವಾತಂತ್ರ್ಯದ ಮೊದಲು ಬೀಳಗಿ ಇಂಗ್ರೇಜರದು. ಮುಧೋಳ ಘೋರ್ಪಡೆಯವರದು. ಜಮಖಂಡಿ, ಬನಹಟ್ಟಿ ಜಮಖಂಡಿ ಪಟವರ್ಧನರದು. ಬನಹಟ್ಟಿಗೆ ಹತ್ತಿಕೊಂಡೇ ಇರುವ ರಬಕವಿ ಸಾಂಗಲಿ ಸಂಸ್ಥಾನದ್ದು. ಹೆಸರಿಗೆ ಮೂರು ರಾಜರು, ಆದರೆ ಎಲ್ಲರ ಮೇಲೂ ಇಂಗ್ರೇಜರ ಕೈ. 1857ರಲ್ಲಿ ಹತಾರ ಒಪ್ಪಿಸಬೇಕು ಅಂತ ಕಂಪನಿ ಸರಕಾರ ಕಾನೂನು ಮಾಡಿದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಕೊಡೋದಿಲ್ಲ ಅಂದರು. ದಂಡು ಬಂತು, ಊರು ಸುಟ್ಟಿತು, 19 ಮಂದಿಯನ್ನು ಗಲ್ಲಿಗೆ ಹಾಕಿದರು. ಆ ಲಾವಣಿ ನಮ್ಮ ಕಡೆ ಇನ್ನೂ ಹಾಡ್ತಾರ. ಹತಾರ ಯಾರ ಕೈಯಾಗ ಇರಬೇಕು ಅಂತ ಹೇಳುವವನೇ ದೊರೆ, ಉಳಿದವರು ಪಟ್ಟ ಕಟ್ಟಿಕೊಂಡವರು ಅಷ್ಟೇ ಅಂತ ಹಲಗಲಿಯವರಿಗೆ ಅಂದೇ ತಿಳಿದಿತ್ತು.

ಆದರೆ ಹತಾರಕ್ಕಿಂತ ಸದ್ದಿಲ್ಲದ ಬಲ ಒಂದೈತಿ, ಅದು ಪೇಟೆಯ ಬಲ. ಹಲಗಲಿ ಆಗಿ ನಾಲ್ಕೇ ವರ್ಷಕ್ಕೆ, 1861ರಲ್ಲಿ, ಅಮೆರಿಕದ ಉತ್ತರದವರು ದಕ್ಷಿಣದವರು ತಮ್ಮ ತಮ್ಮೊಳಗೆ ಯುದ್ಧಕ್ಕೆ ನಿಂತರು. ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಹೋಗೋದು ನಿಂತಿತು. ಮುಂಬಯಿಯಲ್ಲಿ ಹತ್ತಿ ದರ ಆಕಾಶಕ್ಕೇರಿತು. ಧಾರವಾಡ, ಕಲಾದಗಿ ಸೀಮೆಯ ಎರಿ ಹೊಲದೊಳಗ ಜೋಳ ಬಿಟ್ಟು ಹತ್ತಿ ಹಾಕಿದವರು ರೊಕ್ಕ ಕಂಡರು. 1865ಕ್ಕೆ ಅಲ್ಲಿ ಯುದ್ಧ ಮುಗಿದದ್ದೇ ತಡ, ಇಲ್ಲಿ ದರ ಬಿತ್ತು. ರೊಕ್ಕ ಹೋಯಿತು, ಸಾಲ ಉಳಿಯಿತು. ಮುಂದ 1876ರಿಂದ 78ರ ದೊಡ್ಡ ಬರ ಬಂದಾಗ ಕಲಾದಗಿ ಜಿಲ್ಲೆಯಲ್ಲಿ ಸತ್ತವರು, ಊರು ಬಿಟ್ಟವರು ಎಷ್ಟೋ. ಬರಕ್ಕೆ ಅಮೆರಿಕ ಕಾರಣ ಅಂತ ನಾ ಹೇಳೋದಿಲ್ಲ, ಮಳೆ ಕೈ ಕೊಟ್ಟಿತ್ತು. ಆದರೆ ಸಾಲದೊಳಗ ಸಿಕ್ಕ ಮನೆ ಬರ ತಡೀತದೇನು?

ಈಗ ನನ್ನ ಕಾಲಕ್ಕೆ ಬರ್ತೀನಿ. ನಾನು ಸಾಲಿಗೆ ಹೋಗುವಾಗ ಮಧ್ಯಾಹ್ನ ಕೇರ್ ಉಪ್ಪಿಟ್ಟು ಕೊಡ್ತಿದ್ದರು. ನನ್ನ ವಯಸ್ಸಿನವರಿಗೆಲ್ಲ ಅದರ ವಾಸನೆ ನೆನಪಿರಬೇಕು. ಚೀಲದ ಮೇಲೆ ಎರಡು ಕೈ ಕೂಡಿಸಿದ ಚಿತ್ರ ಇರ್ತಿತ್ತು. ಗೋಧಿ ಅಮೆರಿಕದ್ದು, ಎಣ್ಣೆಯೂ ಅಮೆರಿಕದ್ದು. ಹಸಿದ ಹುಡುಗರು ನಾವು, ಉಂಡೀವಿ. ಉಂಡ ಅನ್ನಕ್ಕೆ ಎರಡು ಬಗೆಯೋದು ಬ್ಯಾಡ, ಆದರೆ ಆ ಗೋಧಿಯ ಹಿಂದಿನ ಕಥೆ ಮುಂದ ದೊಡ್ಡವನಾದ ಮೇಲೆ ತಿಳಿಯಿತು.

1956ರಲ್ಲಿ ಅಮೆರಿಕದ ಪಿ.ಎಲ್. 480 ಅನ್ನುವ ಕಾನೂನಿನ ಪ್ರಕಾರ ಗೋಧಿ ತರಿಸುವ ಒಪ್ಪಂದಕ್ಕೆ ನಮ್ಮ ಸರಕಾರ ಸಹಿ ಹಾಕಿತು. ಡಾಲರ್ ಕೊಡಬೇಕಿಲ್ಲ, ರೂಪಾಯಿ ಕೊಟ್ಟರೆ ಸಾಕು. ಅಗ್ಗದ ಗೋಧಿ ಬಂದಂಗ ಇಲ್ಲಿಯ ಒಕ್ಕಲಿಗನ ಕಾಳಿಗೆ ಬೆಲೆ ಏರಲಿಲ್ಲ, ಬೆಳೆಯುವ ಉಮೇದಿಯೂ ಏರಲಿಲ್ಲ. 1965ರಲ್ಲಿ ಪಾಕಿಸ್ತಾನದ ಜೊತೆ ಯುದ್ಧ, ಅದರ ಮ್ಯಾಲ ಎರಡು ವರ್ಷ ಸರಿಯಾಗಿ ಬರ. ಆಗ ಅಮೆರಿಕದ ಅಧ್ಯಕ್ಷ ಜಾನ್ಸನ್ ಗೋಧಿಯನ್ನು ತಿಂಗಳ ಲೆಕ್ಕದಲ್ಲಿ ಬಿಡತೊಡಗಿದ. ವಿಯೆಟ್ನಾಂ ಮೇಲೆ ಬಾಂಬು ಹಾಕೋದು ಸರಿಯಲ್ಲ ಅಂತ ನಮ್ಮವರು ಅಂದರೆ ಹಡಗು ತಡ ಆಗ್ತಿತ್ತು. 1966ರಲ್ಲಿ ತರಿಸಿದ ಕಾಳು ಸುಮಾರು ಒಂದು ಕೋಟಿ ಟನ್. ಹಡಗು ಬಂದರಕ್ಕೆ ಹತ್ತಿದರೆ ಊಟ, ಇಲ್ಲದಿದ್ದರೆ ಇಲ್ಲ ಅನ್ನುವ ಬಾಳ್ವೆ. ನಮ್ಮ ಬಾಯಿ ಅವರ ಮುಷ್ಠಿಯೊಳಗ ಇತ್ತು ಅಂದರೆ ಸುಳ್ಳಲ್ಲ. ಶಾಸ್ತ್ರೀಜಿ ಸೋಮವಾರ ಒಪ್ಪತ್ತು ಮಾಡ್ರಿ ಅಂದದ್ದು ಆ ಕಾಲದಾಗ.

ಅದರಿಂದ ಹೊರಗೆ ಬಂದದ್ದು ಹೆಂಗ? ದಿಲ್ಲಿಯೊಳಗ ಭಾಷಣ ಮಾಡಿ ಅಲ್ಲ. 1966ರಲ್ಲಿ ಸಿ. ಸುಬ್ರಮಣ್ಯಂ ಅವರು ಕೃಷಿ ಮಂತ್ರಿ ಇದ್ದಾಗ ಮೆಕ್ಸಿಕೋದಿಂದ 18,000 ಟನ್ ಬಿತ್ತುವ ಗೋಧಿ ತರಿಸಿದರು. ಬೀಜದ ಜೊತೆ ನೀರು, ಗೊಬ್ಬರ ಕೊಟ್ಟರು, ಎಲ್ಲಕ್ಕಿಂತ ಮುಖ್ಯ ಬೆಲೆ ಕಟ್ಟಿ ಕೊಂಡರು. ಪಂಜಾಬಿನವರು ಬೆಳೆದರು. 1971ರ ಡಿಸೆಂಬರ್‌ನಲ್ಲಿ ಬಾಂಗ್ಲಾ ಯುದ್ಧದ ಹೊತ್ತಿನಲ್ಲಿ ಅಮೆರಿಕ ತನ್ನ ಏಳನೇ ನೌಕಾಪಡೆಯನ್ನು ಬಂಗಾಳ ಕೊಲ್ಲಿಗೆ ಕಳಿಸಿತು. ನಮ್ಮವರು ಹೆದರಲಿಲ್ಲ. ರಷ್ಯಾದ ಸ್ನೇಹ ಇತ್ತು ಅಂತ ಎಲ್ಲರೂ ಹೇಳ್ತಾರ, ಖರೇ ಐತಿ. ಆದರೆ ಗೋದಾಮಿನಲ್ಲಿ ಕಾಳು ಇತ್ತು ಅನ್ನೋದನ್ನು ಮರೀತಾರ. ಆರು ವರ್ಷ ಹಿಂದೆ ಅದೇ ಹಡಗು ಬಂದಿದ್ದರೆ ಏನಾಗುತ್ತಿತ್ತು, ನೀವೇ ವಿಚಾರ ಮಾಡ್ರಿ.

ಈ ಗೋಧಿಯ ಪಾಠವನ್ನು ನಾವು ಎಣ್ಣೆಯಲ್ಲಿ ಒಮ್ಮೆ ಕಲಿತು ಮತ್ತೆ ಮರೆತೆವು. ನನ್ನ ಸಿಟ್ಟು ಇರೋದು ಇಲ್ಲೇ.

1986ರಲ್ಲಿ ಎಣ್ಣೆಕಾಳಿನ ಮಿಷನ್ ಅಂತ ಸರಕಾರ ಶುರು ಮಾಡಿತು. ಬೀಜ ಕೊಟ್ಟರು, ದರಕ್ಕೆ ಆಸರ ಕೊಟ್ಟರು, ಹೊರಗಿನ ಎಣ್ಣೆಗೆ ಬಾಗಿಲು ಬಿಗಿ ಮಾಡಿದರು. ಏಳೆಂಟು ವರ್ಷದಾಗ ದೇಶಕ್ಕೆ ಬೇಕಾದ ಎಣ್ಣೆ ಹೆಚ್ಚುಕಡಿಮೆ ಪೂರ್ತಿ ಇಲ್ಲೇ ಆಗತೊಡಗಿತು. ಆಗಿನ ಅಖಂಡ ವಿಜಾಪುರ ಜಿಲ್ಲೆಯ ಎರಿ ಹೊಲ ನೋಡಿದವರಿಗೆ ಗೊತ್ತು. ಜೋಳದಾಗ ಅಕ್ಕಡಿ ಸಾಲು ಕುಸುಬಿ, ಬದುವಿಗೆ ದನ ಹಾಯಬಾರದಂತ ಕುಸುಬಿ, ಮಗ್ಗಲ ಹೊಲದಾಗ ಕಣ್ಣು ಹಾಯುವತನಕ ಸೂರ್ಯಕಾಂತಿ. ಸೂರ್ಯಕಾಂತಿ ಏನು ನಮ್ಮ ಮುತ್ತ್ಯಾನ ಕಾಲದ ಬೆಳೆ ಅಲ್ಲ. 1970ರ ಆಸುಪಾಸಿಗೆ ರಷ್ಯಾದಿಂದ ತಳಿ ತಂದು ಬಿತ್ತಿಸಿದ್ದು. ನಾವೆಲ್ಲ ಬಿತ್ತಿದ ಗಿಡ್ಡ ಮಾರ್ಡೆನ್ ತಳಿ ಕೆನಡಾದ್ದು. 1980ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಬಿಎಸ್‌ಎಚ್-1 ಅಂತ ನಮ್ಮದೇ ಹೈಬ್ರಿಡ್ ಮಾಡಿದರು. ಹೊರಗಿನ ಬೀಜ ತಂದು ನಮ್ಮದು ಮಾಡಿಕೊಳ್ಳೋದರಲ್ಲಿ ತಪ್ಪಿಲ್ಲ, ಗೋಧಿಯಲ್ಲೂ ಹಂಗೇ ಆಯಿತು. ಬೀಜ ತರೋದು ಬೇರೆ, ಎಣ್ಣೆಯನ್ನೇ ತರೋದು ಬೇರೆ.

1994ರಲ್ಲಿ ಪಾಮೋಲಿನ್ ಎಣ್ಣೆಯನ್ನು ಯಾರು ಬೇಕಾದರೂ ತರಿಸಬಹುದು ಅಂತ ಬಾಗಿಲು ತೆಗೆದರು. ಮೊದಲಿಗೆ ಸುಂಕ 65 ಪರ್ಸೆಂಟ್ ಇತ್ತು. 1998ರ ಹೊತ್ತಿಗೆ ಅದನ್ನು 15ರ ಆಸುಪಾಸಿಗೆ ಇಳಿಸಿದರು. ಮಲೇಷಿಯಾ, ಇಂಡೋನೇಷಿಯಾದ ಎಣ್ಣೆ ಹೊಳೆಯಂಗ ಬಂತು. ನಮ್ಮ ಗಾಣದವರು ಒಬ್ಬೊಬ್ಬರೇ ಗಾಣ ಬಿಚ್ಚಿದರು. ಎಲ್ಲಾ ತಪ್ಪನ್ನೂ ಪಾಮ್ ಎಣ್ಣೆ ಮೇಲೆ ಹಾಕೋದು ನ್ಯಾಯ ಅಲ್ಲ. 1997ರಲ್ಲಿ ಬಾಗೇಪಲ್ಲಿ ಕಡೆ ಕಾಣಿಸಿಕೊಂಡ ನೆಕ್ರೋಸಿಸ್ ರೋಗ ಸೂರ್ಯಕಾಂತಿಯನ್ನು ಭಾಳ ಕಾಡಿತು. ಗಿಳಿ ಕಾಟ ಬೇರೆ. ಕುಸುಬಿಗೆ ಮುಳ್ಳು, ಕೊಯ್ಯಲು ಹೆಣ್ಣಾಳು ಒಲ್ಲೆ ಅಂತಾರ. ಅವರ ಕೈ ನೋಡಿದವರು ಯಾರೂ ಬೈಯಲಾರರು. ಆದರೆ ದರ ಇದ್ದಿದ್ದರೆ ಮುಳ್ಳಿಗೂ ದಾರಿ ಹುಡುಕುತ್ತಿದ್ದೆವು. ದರ ಇಲ್ಲದಾಗ ಮುಳ್ಳೇ ದೊಡ್ಡದಾಗಿ ಕಾಣ್ತದ. ನಮ್ಮೂರಲ್ಲಿ ನೀರು ಸಿಕ್ಕವರು ಕಬ್ಬಿಗೆ ಹೋದರು, ಸಿಗದವರು ಗೊಂಜಾಳ, ಕಡಲೆಗೆ ಹೋದರು.

ಈಗ ಏನಾಗೇತಿ? ದೇಶ ತಿನ್ನುವ ಎಣ್ಣೆಯೊಳಗ ಅರ್ಧಕ್ಕಿಂತ ಹೆಚ್ಚು ಹೊರಗಿನದು. 2024-25ರ ಎಣ್ಣೆ ವರ್ಷದಲ್ಲಿ ತರಿಸಿದ್ದು ಸುಮಾರು 160 ಲಕ್ಷ ಟನ್, ಕೊಟ್ಟದ್ದು ಒಂದೂವರೆ ಲಕ್ಷ ಕೋಟಿ ರೂಪಾಯಿಗೂ ಮೇಲೆ. 2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋದಾಗ ನಮ್ಮ ಹಳ್ಳಿಯ ಕಿರಾಣಿ ಅಂಗಡಿಯಲ್ಲಿ ಸೂರ್ಯಕಾಂತಿ ಎಣ್ಣೆ ಪಾಕೀಟು 180 ದಾಟಿತು. ಯಾಕಂದರೆ ಆಗ ನಮಗೆ ಬರ್ತಿದ್ದ ಸೂರ್ಯಕಾಂತಿ ಎಣ್ಣೆಯ ದೊಡ್ಡ ಪಾಲು ಉಕ್ರೇನಿನದಾಗಿತ್ತು. ಅದೇ ಏಪ್ರಿಲ್ 28ಕ್ಕೆ ಇಂಡೋನೇಷಿಯಾ ತನ್ನ ಮಂದಿಗೆ ಸಾಲದಂತ ಪಾಮ್ ಎಣ್ಣೆ ಕಳಿಸೋದೇ ನಿಲ್ಲಿಸಿತು. ಒಂದು ತಿಂಗಳೊಳಗ ಮತ್ತೆ ಬಿಟ್ಟರು ಅನ್ನೋದು ಬೇರೆ ಮಾತು. ಬಿಡದಿದ್ದರೆ? ಯಾವ ಊರಿನ ಹೊಲದಾಗ ಸೂರ್ಯಕಾಂತಿ ಸಾಲು ತಿರುಗಿ ನೋಡ್ತಿದ್ದವೋ ಆ ಊರಿನ ಹೆಣ್ಣುಮಗಳು ಉಕ್ರೇನಿನ ಯುದ್ಧ ಯಾವಾಗ ಮುಗೀತದ್ರೀ ಅಂತ ಅಂಗಡಿಯವನನ್ನು ಕೇಳುವಂಗಾಯಿತು.

ನಮ್ಮೂರಿನ ಓದಿದ ಹುಡುಗನೊಬ್ಬ ನನ್ನ ಜೊತೆ ವಾದ ಮಾಡ್ತಾನ. "ಕಾಕಾ, ಈಗ ಕಾಲ ಬದಲಾಗೇತಿ. ಮೊದಲು ಅಮೆರಿಕ ಒಂದೇ ಅಂಗಡಿ. ಈಗ ಹತ್ತು ಅಂಗಡಿ. ಒಬ್ಬ ಸೊಕ್ಕು ಮಾಡಿದರೆ ಇನ್ನೊಬ್ಬನ ಹತ್ತಿರ ಹೋಗೋದು. ಕೊಳ್ಳುವವನಿಗೂ ಬಲ ಇರ್ತೈತಿ" ಅಂತಾನ. ಅವನ ಮಾತಿನಲ್ಲಿ ಹುರುಳಿಲ್ಲ ಅಂತ ಅನ್ನಲಾರೆ. ಮಲೇಷಿಯಾದ ಪ್ರಧಾನಿ ಮಹಾತಿರ್ 2019ರಲ್ಲಿ ಕಾಶ್ಮೀರದ ಬಗ್ಗೆ ಮಾತಾಡಿದರು. 2020ರ ಜನವರಿಯಲ್ಲಿ ನಮ್ಮ ಸರಕಾರ ಶುದ್ಧ ಮಾಡಿದ ಪಾಮ್ ಎಣ್ಣೆ ತರೋದಕ್ಕೆ ತಡೆ ಹಾಕಿತು. ಮಲೇಷಿಯಾಕ್ಕೆ ಬಿಸಿ ಮುಟ್ಟಿತು. ಉಕ್ರೇನ್ ಕೈ ಬಿಟ್ಟಾಗ ರಷ್ಯಾದಿಂದ ಸೂರ್ಯಕಾಂತಿ ಎಣ್ಣೆ ತರಿಸಿದರು, ಅದೂ ಆಯಿತು. ಆದರೆ ನಾನು ಅವನಿಗೆ ಕೇಳಿದ್ದು ಇಷ್ಟೇ: "ತಮ್ಮಾ, ಉದ್ರಿ ತರೋ ಅಂಗಡಿ ಬದಲು ಮಾಡಿದರೆ ಮನೆ ಬದುಕು ಸುಧಾರಿಸೀತೇನು?" ಮಲೇಷಿಯಾ ಬಿಟ್ಟು ಇಂಡೋನೇಷಿಯಾದ ಬಾಗಿಲಿಗೆ ಹೋದೆವು, ಎರಡು ವರ್ಷಕ್ಕೆ ಅದು ಬಾಗಿಲು ಹಾಕಿತು. ಗೊಬ್ಬರದ್ದೂ ಇದೇ ಹಾಡು. 2021ರ ಅಕ್ಟೋಬರಿನಿಂದ ಚೀನಾ ಡಿಎಪಿ ಹೊರಗೆ ಬಿಡಲು ಬಿಗಿ ಮಾಡಿತು. ಆ ಹಿಂಗಾರಿಗೆ ಸೊಸಾಯಿಟಿ ಮುಂದೆ ಪಾಳಿ ಹಚ್ಚಿ ನಿಂತವರಿಗೆ ಚೀನಾ ಎಲ್ಲಿದೆ ಅಂತ ನಕಾಶೆ ತೋರಿಸಬೇಕಿಲ್ಲ. ಪೊಟ್ಯಾಶ್ ಅಂತೂ ಪೂರ್ತಿ ಹೊರಗಿನದೇ. ನೆಲದಾಗ ಇಲ್ಲದ್ದನ್ನು ತರಲೇಬೇಕು, ಅದಕ್ಕೆ ನನ್ನ ತಕರಾರಿಲ್ಲ. ನೆಲದಾಗ ಆಗೋದನ್ನು ಬಿಟ್ಟು ತರೋದಕ್ಕೆ ನನ್ನ ತಕರಾರು.

ಕಡಲೆಯದನ್ನು ಹೇಳದಿದ್ದರೆ ಈ ಬರಹ ಅರ್ಧ ಆದೀತು. 2023ರ ಸೆಪ್ಟೆಂಬರಿನಲ್ಲಿ ಕೆನಡಾದ ಪ್ರಧಾನಿ ನಮ್ಮ ದೇಶದ ಮೇಲೆ ಕೊಲೆಯ ಆಪಾದನೆ ಹೊರಿಸಿದರು. ಎರಡೂ ದೇಶದವರು ಅಧಿಕಾರಿಗಳನ್ನು ವಾಪಸು ಕಳಿಸಿದರು. ಟೀವಿಯಲ್ಲಿ ನೋಡಿದರೆ ಇವತ್ತೋ ನಾಳೆಯೋ ಯುದ್ಧ ಅನ್ನುವಂಗ. ಅದಾಗಿ ಮೂರು ತಿಂಗಳಿಗೆ, ಡಿಸೆಂಬರಿನಲ್ಲಿ, ಹಳದಿ ಬಟಾಣಿಗೆ ಸುಂಕವೇ ಬೇಡ ಅಂತ ತೆಗೆದರು. ಈ ಬಟಾಣಿ ಬರೋದು ಕೆನಡಾ, ರಷ್ಯಾದಿಂದ. 2017ರಲ್ಲಿ ಅದಕ್ಕೆ 50 ಪರ್ಸೆಂಟ್ ಹಾಕಿದ್ದರು. ಬಟಾಣಿ ಬ್ಯಾಳಿ ಕಡಲೆ ಬ್ಯಾಳಿಯ ತಮ್ಮ ಇದ್ದಂಗ, ಹಿಟ್ಟಿಗೆ ಕಲಸಿದರೆ ಗುರುತು ಹತ್ತೋದಿಲ್ಲ. 2024ರ ಮೇ ತಿಂಗಳಲ್ಲಿ ಹೊರಗಿನ ಕಡಲೆಯ ಸುಂಕವನ್ನೂ ತೆಗೆದರು. 2024-25ರ ಒಂದೇ ವರ್ಷ ಬ್ಯಾಳಿಕಾಳು 70 ಲಕ್ಷ ಟನ್ನಿಗೂ ಮೇಲೆ ಬಂತು. ಬಟಾಣಿಗೆ 30 ಪರ್ಸೆಂಟ್ ಸುಂಕ ಮತ್ತೆ ಬಂದದ್ದು 2025ರ ನವೆಂಬರ್ 1ಕ್ಕೆ, ಗೋದಾಮು ತುಂಬಿದ ಮೇಲೆ. ನಾನು ಕಡಲೆ ರಾಶಿ ಮಾಡಿ ಅಡತಿಗೆ ಒಯ್ದಾಗ ಅಡತಿಯವ ಕಾಳು ಕೈಯಾಗ ಹಿಡಿದು ನೋಡಲೂ ಇಲ್ಲ. "ಮಾಲು ಭಾಳ ಐತ್ರಿ ಗೌಡ್ರ, ಹಡಗು ಇನ್ನೂ ಬರ್ಲಿಕ್ಕೆ ಹತ್ಯಾವು" ಅಂದ. ಬೀಳಗಿಯ ಎರಿ ಹೊಲದವನಿಗೆ ಹಡಗಿನ ಲೆಕ್ಕ!

ಇಲ್ಲಿ ನನಗೆ ಒಂದು ವಿಷಯ ಹೊಳೀತು. ದೊಡ್ಡ ದೇಶಗಳು ಜಗಳ ಮಾಡಿದರೂ ನಮ್ಮ ಬೆಳೆ ದರ ಬೀಳ್ತದ, ರಾಜಿ ಮಾಡಿಕೊಂಡರೂ ಬೀಳ್ತದ. ಚೌಕಾಸಿಗೆ ಕೂತಾಗ ಎರಡೂ ಕಡೆಯವರಿಗೆ ಚಿಲ್ಲರೆ ಬೇಕಾಗ್ತದಲ್ಲ, ಆ ಚಿಲ್ಲರೆ ಒಣಬೇಸಾಯದವನ ಕಾಳು. 2025ರ ಆಗಸ್ಟಿನಲ್ಲಿ ಅಮೆರಿಕದ ಸುಂಕದ ಗದ್ದಲ ನಡೆದಿದ್ದಾಗಲೇ ಹೊರಗಿನ ಹತ್ತಿಯ ಮೇಲಿನ 11 ಪರ್ಸೆಂಟ್ ಸುಂಕವನ್ನು ವರ್ಷದ ಕೊನೆತನಕ ತೆಗೆದರು. ಬಟ್ಟೆ ಗಿರಣಿಯವರಿಗೆ ಆಸರ ಅಂತ ಹೇಳಿದರು. ರಬಕವಿ-ಬನಹಟ್ಟಿ ನೇಕಾರ ಬಾಂಧವರು ಸಿಟ್ಟಾಗಬಾರದು. ನೂಲಿನ ದರ ಇಳಿದರೆ ಅವರ ಮಗ್ಗ ನಡೀತದ, ಅದು ನನಗೂ ಬೇಕು, ನಮ್ಮ ಮನೆಯ ಹೆಣ್ಣುಮಕ್ಕಳು ಉಡೋದು ಅವರ ಸೀರೆ. ಆದರೆ ಹತ್ತಿ ಬಿಡಿಸುವ ಹೊತ್ತಿಗೇ ಸರಿಯಾಗಿ ಸುಂಕ ತೆಗೆದರೆ ನೇಕಾರನ ಹೊಟ್ಟೆಗೂ ಒಕ್ಕಲಿಗನ ಹೊಟ್ಟೆಗೂ ಜಗಳ ಹಚ್ಚಿದಂಗ ಆಗ್ತದ. ನೇಕಾರನಿಗೆ ನೂಲಿಗೆ ಸಹಾಯಧನ ಕೊಡ್ರಿ, ಬ್ಯಾಡ ಅಂದವರು ಯಾರು?

ಕಬ್ಬಿನವರು ಗಟ್ಟಿ ಕೂತಾರ ಅಂತ ನಮಗೆ ಅನಿಸ್ತದ, ಅವರದೂ ಪೂರ್ತಿ ಸುಖ ಇಲ್ಲ. ನಮ್ಮ ಮುಧೋಳ, ಜಮಖಂಡಿ ಕಬ್ಬಿನ ಸಕ್ಕರೆ ಮೇಲೆ ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ಮೂರು ದೇಶ 2019ರಲ್ಲಿ ಜಾಗತಿಕ ವ್ಯಾಪಾರ ಸಂಸ್ಥೆಯಲ್ಲಿ ಫಿರ್ಯಾದಿ ಹೂಡಿದವು. ಕಬ್ಬಿಗೆ ದರ ನಿಗದಿ ಮಾಡೋದು ತಪ್ಪಂತೆ. 2021ರ ಡಿಸೆಂಬರಿನಲ್ಲಿ ತೀರ್ಪು ನಮ್ಮ ವಿರುದ್ಧ ಆಯಿತು. ನಾವು ಅಪೀಲು ಹೋದೆವು. ಆದರೆ ಅಪೀಲು ಕೇಳಲು ಕುರ್ಚಿಯ ಮೇಲೆ ಯಾರೂ ಇರಲಿಲ್ಲ! ಅಲ್ಲಿಗೆ ನ್ಯಾಯಾಧೀಶರನ್ನು ನೇಮಿಸಲು ಅಮೆರಿಕ ಅಡ್ಡಿ ಮಾಡಿ 2019ರ ಡಿಸೆಂಬರಿನಿಂದಲೇ ಆ ಪೀಠ ನಿಂತುಹೋಗಿತ್ತು. 1995ರಲ್ಲಿ ಈ ಸಂಸ್ಥೆ ಕಟ್ಟುವಾಗ ಮುಂದೆ ನಿಂತಿದ್ದ ದೇಶವೇ ಅದರ ಕಾಲು ಮುರಿಯಿತು. ತನಗೆ ಅನುಕೂಲ ಇರುವತನಕ ಕಾಯಿದೆ, ಇಲ್ಲದಾಗ ಕೈ ಬಲ. ಆ ಗೊಂದಲದೊಳಗ ನಮ್ಮ ಕಬ್ಬಿನವರು ಅಂದಿಗೆ ಪಾರಾದರು ಅನ್ನೋದು ಖರೇ.

ಇನ್ನೊಂದು ಮಾತಿಗೆ ಉತ್ತರ ಹೇಳಲೇಬೇಕು. ಹೊರಗಿನ ಎಣ್ಣೆಗೆ ಸುಂಕ ಹಾಕಿದರೆ ಕೂಲಿಯವಳ ಒಗ್ಗರಣೆ ತುಟ್ಟಿ ಆಗ್ತದ. ನನ್ನ ಹೊಲಕ್ಕೆ ಕಳೆ ತೆಗೆಯಲು ಬರುವವರು ಕೊಳ್ಳೋದು ಪಾಮ್ ಎಣ್ಣೆ ಪಾಕೀಟೇ. ಅವರ ಮುಂದೆ ನಿಂತು ಸುಂಕ ಏರಿಸಿರಿ ಅಂತ ಹೇಳಲು ನನಗೂ ನಾಲಿಗೆ ಏಳೋದಿಲ್ಲ. ಅದಕ್ಕೆ ನಾನು ಏರಿಸ್ರಿ ಅನ್ನೋದಕ್ಕಿಂತ ಮೊದಲು ಅಲುಗಾಡಿಸಬ್ಯಾಡ್ರಿ ಅಂತೀನಿ. 2024ರ ಸೆಪ್ಟೆಂಬರ್ 14ಕ್ಕೆ ಕಚ್ಚಾ ಎಣ್ಣೆಯ ಸುಂಕ ಎಲ್ಲಾ ಸೇರಿ 5.5ರಿಂದ 27.5 ಪರ್ಸೆಂಟಿಗೆ ಏರಿಸಿದರು. ನಮ್ಮಲ್ಲಿ ಕೆಲವರು ಅದನ್ನು ನಂಬಿ ಎಣ್ಣೆಕಾಳು ಬಿತ್ತಿದರು. 2025ರ ಮೇ ಮುಗಿಯುವಾಗ, ಮುಂಗಾರಿ ಬಿತ್ತಿಗೆಯ ಮುಂದೆ, 16.5ಕ್ಕೆ ಇಳಿಸಿದರು. ಕೂರಿಗಿ ಹೂಡುವವ ಯಾವ ಲೆಕ್ಕ ಹಿಡಿದು ಹೂಡಬೇಕು? ಮೂರು ವರ್ಷಕ್ಕೆ ಇಷ್ಟು ಅಂತ ಒಂದು ಸಲ ಹೇಳಿಬಿಡ್ರಿ. ಸುಂಕದಿಂದ ಬಂದ ರೊಕ್ಕದಾಗ ನಮ್ಮ ಕುಸುಬಿ, ಶೇಂಗಾ, ಸೂರ್ಯಕಾಂತಿ ಎಣ್ಣೆ ಕೊಂಡು ಅಂಗನವಾಡಿಗೆ, ಸಾಲಿಯ ಬಿಸಿಯೂಟಕ್ಕೆ ಕೊಡ್ರಿ. ನಮ್ಮ ತಲೆಮಾರು ಹೊರಗಿನ ಎಣ್ಣೆಯ ಉಪ್ಪಿಟ್ಟು ತಿಂದಾಯಿತು.

2024ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಮತ್ತೆ ಎಣ್ಣೆಕಾಳು ಮಿಷನ್ನಿಗೆ 10,103 ಕೋಟಿ ರೂಪಾಯಿ ಒಪ್ಪಿಗೆ ಕೊಟ್ಟಿತು, 2030-31ರತನಕ. ಒಳ್ಳೇದು. ಅದಕ್ಕಿಂತ ಮೊದಲು 2021ರಲ್ಲಿ ತಾಳೆ ಎಣ್ಣೆಗೆ ಬೇರೆಯೇ 11,040 ಕೋಟಿ ಇಟ್ಟಿದ್ದರು. ತಾಳೆಗೆ ನೀರು ಬೇಕು, ಅದು ನಮ್ಮ ಹೊಲದ ಗಿಡ ಅಲ್ಲ. ಕುಸುಬಿಗೆ ಬೇಕಾಗಿದ್ದು ಎರಿ ಮಣ್ಣಿನ ಹಸಿ, ಮ್ಯಾಲ ಒಂದಿಷ್ಟು ಇಬ್ಬನಿ. ಅಣ್ಣಿಗೇರಿಯ ಸಂಶೋಧನಾ ಕೇಂದ್ರದಿಂದ ಬಂದ ಎ-1 ತಳಿಯನ್ನು ನಮ್ಮ ತಂದೆಯ ಕಾಲದಿಂದ ಬಿತ್ತಿದೀವಿ. ಮುಳ್ಳಿಲ್ಲದ ಕುಸುಬಿ ತಳಿಗಳೂ ಅದಾವ, ಆದರೆ ಬೀಜ ಬೇಕೆಂದಾಗ ರೈತ ಸಂಪರ್ಕ ಕೇಂದ್ರದಾಗ ಕಡಲೆ ಬೀಜ ಐತಿ, ಕುಸುಬಿ ಇಲ್ಲ ಅನ್ನೋದೇ ಹೆಚ್ಚು.

2026-27ರ ಮಾರಾಟ ಹಂಗಾಮಿಗೆ ಕುಸುಬಿಯ ಬೆಂಬಲ ಬೆಲೆ ಕ್ವಿಂಟಲಿಗೆ 600 ಏರಿಸಿ 6,540 ರೂಪಾಯಿ ಮಾಡಿದರು. ಹಿಂಗಾರಿ ಬೆಳೆಗಳ ಪೈಕಿ ಎಲ್ಲಕ್ಕಿಂತ ಹೆಚ್ಚು ಏರಿಸಿದ್ದು ಇದಕ್ಕೇ. ಕಡಲೆಗೆ 5,875. ಕಾಗದದ ಮೇಲೆ ಚೆಂದ ಐತಿ. ಆದರೆ ಬೆಲೆ ಸಿಗೋದು ಖರೀದಿ ಕೇಂದ್ರ ತೆರೆದರೆ ಮಾತ್ರ. ನಮ್ಮ ಕಡೆ ಕುಸುಬಿ ರಾಶಿ ಆಗೋದು ಫೆಬ್ರುವರಿ-ಮಾರ್ಚಿಗೆ. ಸಾಲಗಾರ ರೈತ ಏಪ್ರಿಲ್‌ತನಕ ಚೀಲ ಹೊಲಿದು ಇಟ್ಟುಕೊಳ್ಳೋದಿಲ್ಲ. ಬೀಳಗಿ, ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ ನಾಲ್ಕೂ ಕಡೆಯ ಒಣಬೇಸಾಯದವರು ಕುಸುಬಿ ಎಷ್ಟು ಎಕರೆ ಬಿತ್ತೀರಿ, ಎಷ್ಟು ಚೀಲ ಬಂದೀತು ಅಂತ ಊರುವಾರು ಬರೆದು ಕೊಡ್ರಿ. ಕೃಷಿ ಇಲಾಖೆಯ ಕಾಗದದಾಗ ಬೆಳೆ ಕಾಣದಿದ್ದರೆ ಕೇಂದ್ರ ಮಂಜೂರು ಆಗೋದಿಲ್ಲ ಅಂತ ಅಧಿಕಾರಿಗಳು ಹೇಳ್ತಾರ. ಬದುವಿಗೆ ಹಾಕಿದ ಎರಡು ಸಾಲನ್ನೂ ಬಿಡದೆ ಬರೆಸಿರಿ.